ಸೋಮವಾರದ ಹೂವು

ಶಿವರಾತ್ರಿ ಕಳೆದ ಮೊದಲ ಸೋಮವಾರ ನನ್ನ ಹೆಂಡತಿ ಹೂ ಮುಡಿಯಲಿಲ್ಲ.

ನಮ್ಮ ಮದುವೆಯಾಗಿ ಮೂವತ್ತು ವರ್ಷ. ಪ್ರತಿ ಸೋಮವಾರ ಸಂಜೆ ನನ್ನ ಕಾಫಿ ಮಂಡಿಯ ಬಾಗಿಲು ಹಾಕಿ, ಮೂಡಿಗೆರೆ ಬಸ್‌ಸ್ಟ್ಯಾಂಡಿನ ಪಕ್ಕ ಬುಟ್ಟಿ ಇಟ್ಟುಕೊಂಡು ಕೂರುವ ಮುತ್ತಮ್ಮನ ಹತ್ತಿರ ಎರಡು ಮೊಳ ಮಲ್ಲಿಗೆ ತೆಗೆದುಕೊಂಡು ಮನೆಗೆ ಹೋಗುವುದು ನನ್ನ ಪದ್ಧತಿ. ಬಾಳೆಎಲೆಯ ಪೊಟ್ಟಣವನ್ನು ರುದ್ರಾಣಿಯ ಕೈಗೆ ಕೊಡುತ್ತೇನೆ. ಅವಳು ಏನೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಮಲ್ಲಿಗೆಯ ಘಮ ಬರುತ್ತದೆ. ನಮ್ಮ ಸಂಸಾರದಲ್ಲಿ ಪ್ರೀತಿಯ ಮಾತು ಎಂದು ಇದ್ದದ್ದು ಅಷ್ಟೇ.

ಆ ಸಂಜೆ ಅವಳು ಪೊಟ್ಟಣವನ್ನು ತೋಳುದ್ದ ದೂರ ಹಿಡಿದಳು.

"ದೇವರಿಗೆ ಹಾಕ್ತೀನಿ ರೀ."

"ನಿಂಗೆ?"

"ನಂಗೆ ಬೇಡ. ಇನ್ನು ಸ್ವಲ್ಪ ದಿನ ತರಬೇಡಿ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಿ. ರೊಟ್ಟಿ ಹಾಕ್ಲಾ? ಬಿಸಿ ಇದೆ."

ರೊಟ್ಟಿ ಬಿಸಿಯಾಗಿಯೇ ಇತ್ತು. ನಾನು ಅರ್ಧಕ್ಕೇ ಬಿಟ್ಟು ಎದ್ದೆ.

ನಮ್ಮ ಅವ್ವ ಮುದ್ದಮ್ಮ ಲಿಂಗೈಕ್ಯಳಾಗಿ ಆಗ ಹತ್ತು ತಿಂಗಳು. ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದ ಜೀವ. ಅವಳನ್ನು ಎಬ್ಬಿಸಿ ಕೂರಿಸಿದವಳು, ಮೀಯಿಸಿದವಳು, ಗಂಜಿ ಕುಡಿಸಿದವಳು ರುದ್ರಾಣಿ. ಆ ಒಂಬತ್ತು ವರ್ಷ ಅವಳು ಒಂದು ರಾತ್ರಿ ತವರಿನಲ್ಲಿ ಕಳೆದದ್ದಿಲ್ಲ. ಮಗಳು ಕೃತಿಕಾಳ ಬಾಣಂತನಕ್ಕೂ ದಾವಣಗೆರೆಗೆ ಹೋಗಲಾಗಲಿಲ್ಲ. ಅವ್ವ ಹೋದ ಮೇಲೆ ನಾನು ಬೆಳಗಿನ ಲಿಂಗಪೂಜೆಗೆ ಕೂತು ಕಣ್ಣೀರು ಹಾಕುತ್ತಿದ್ದೆ. ದುಃಖ ನನ್ನೊಬ್ಬನದು ಎಂದೇ ತಿಳಿದಿದ್ದೆ. ಅದೇ ಮನೆಯಲ್ಲಿ ಇನ್ನೊಬ್ಬರ ಎರಡೂ ಕೈ ಒಮ್ಮೆಲೇ ಖಾಲಿಯಾಗಿವೆ ಎಂಬುದು ನನ್ನ ಗಮನಕ್ಕೆ ಬರಲೇ ಇಲ್ಲ.

ಹೂವಿನ ನಂತರ ಒಂದೊಂದೇ ಕಾಣತೊಡಗಿತು. ರುದ್ರಾಣಿಯ ತಟ್ಟೆಯಿಂದ ಈರುಳ್ಳಿ ಹೋಯಿತು, ಬೆಳ್ಳುಳ್ಳಿ ಹೋಯಿತು. ಊಟಕ್ಕೆ ಮೊದಲು ಭರಣಿ ಹುಡುಕುತ್ತಿದ್ದವಳು ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಬಿಟ್ಟಳು. ಗಂಧದ ಸೋಪು ಹೋಗಿ ಕಡಲೆಹಿಟ್ಟು ಬಂತು. ಪೌಡರ್ ಡಬ್ಬಿ ಬೀರುವಿನ ಮೇಲೆ ಧೂಳು ಹಿಡಿಯಿತು. ಒಂದು ಬೆಳಿಗ್ಗೆ ದೇವರ ಮುಂದೆ ಊದುಬತ್ತಿಯೂ ಇರಲಿಲ್ಲ.

"ದೀಪ ಸಾಕಲ್ವಾ ರೀ? ಶಿವನಿಗೆ ಹೊಗೆ ಯಾಕೆ?" ಎಂದಳು.

ಪ್ರತಿ ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದಳು. ಕೊಟ್ಟಿಗೆಹಾರದಲ್ಲಿ ಇಳಿದು ಅಲ್ಲಿಂದ ಜೀಪು.

"ಎಲ್ಲಿಗೆ?"

"ಬಾಳೂರಿಗೆ. ಸಂಜೆ ಬಂದುಬಿಡ್ತೀನಿ."

ಬಾಳೂರಿನ ಹತ್ತಿರ ಗುಡ್ಡದ ಬುಡದಲ್ಲಿ ಒಂದು ಚಿಕ್ಕ ಮಠವಿದೆ. ಸಂಸಾರ ಬಿಟ್ಟು ಬಂದ ಹಿರಿಯ ಶರಣೆಯೊಬ್ಬರು ಅಲ್ಲಿದ್ದಾರೆ. ನನಗೆ ಎಲ್ಲವೂ ಸ್ಪಷ್ಟವಾಯಿತು. ಹೂವಿಲ್ಲ, ಗಂಧವಿಲ್ಲ, ನಾಲಿಗೆಯ ರುಚಿ ಇಲ್ಲ, ವಾರಕ್ಕೊಮ್ಮೆ ಬಾಳೂರು. ರುದ್ರಾಣಿ ವೈರಾಗ್ಯದ ದಾರಿ ಹಿಡಿದಿದ್ದಾಳೆ. ಐವತ್ತೆರಡನೆಯ ವಯಸ್ಸಿಗೆ ಮನೆಯ ಋಣ ತೀರಿತೆಂದು ತಿಳಿದು ಮಠ ಸೇರಲು ಸಿದ್ಧಳಾಗುತ್ತಿದ್ದಾಳೆ.

ಬೇರೆ ಗಂಡಸರಾದರೆ ಕೂಗಾಡುತ್ತಿದ್ದರೋ ಏನೋ. ಮೂರು ಹೊತ್ತು ಶಿವನ ಹೆಸರು ಹೇಳುವ ನಾನು ಶಿವನ ಕಡೆಗೆ ಹೊರಟವಳ ಸೆರಗು ಹಿಡಿದು ಎಳೆಯಲು ಸಾಧ್ಯವೇ? ಆದರೆ ಒಪ್ಪಿಕೊಳ್ಳುತ್ತೇನೆ, ಆ ದಿನಗಳಲ್ಲಿ ನಾನು ಶಿವನ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಪೂಜೆಗೆ ಕೂತು ಅಂಗೈಯ ಲಿಂಗವನ್ನು ನೋಡುತ್ತಾ, "ನಿನಗೆ ಲೋಕವೇ ಇದೆ, ನನಗೆ ಇರುವುದು ಇವಳೊಬ್ಬಳು" ಎಂದು ಜಗಳವಾಡಿದೆ.

ಕೊನೆಗೆ ನನಗೆ ತೋಚಿದ್ದು ಒಂದೇ. ಅವಳ ವ್ರತದಲ್ಲಿ ನಾನೂ ಜೊತೆಯಾಗಬೇಕು. ನಲವತ್ತು ವರ್ಷದ ಎಲೆಅಡಿಕೆ, ಹೊಗೆಸೊಪ್ಪು ಬಿಟ್ಟೆ. ತಲೆಗೆ ಹಾಕುತ್ತಿದ್ದ ಬ್ರಾಹ್ಮಿ ಎಣ್ಣೆ ಬಿಟ್ಟೆ. ಈರುಳ್ಳಿ ಬಿಟ್ಟೆ. ಮೂರನೆಯ ದಿನ ಅವಳು ಬಡಿಸುತ್ತಾ ನಿಂತು ನನ್ನನ್ನೇ ನೋಡಿದಳು.

"ಏನ್ರೀ ಇದು, ಎಲೆಅಡಿಕೆ ತಟ್ಟೆ ಮುಟ್ಟೇ ಇಲ್ಲ?"

"ಬಿಟ್ಟೆ."

"ಡಾಕ್ಟ್ರು ಹೇಳಿದ್ರಾ?"

"ಇಲ್ಲ. ಸುಮ್ನೆ."

"ಸುಮ್ನೆ ಬಿಡೋ ಪೈಕಿಯವ್ರಲ್ಲ ನೀವು," ಎಂದಳು. ನನ್ನ ಭುಜದ ಹತ್ತಿರ ಬಗ್ಗಿ ಸಾರು ಹಾಕುವಾಗ ಒಂದು ಕ್ಷಣ ತಡೆದು ಸಣ್ಣಗೆ ಉಸಿರೆಳೆದುಕೊಂಡಳು. ನಾನು ತಲೆ ಎತ್ತಿದಾಗ ಆ ಕಣ್ಣುಗಳಲ್ಲಿ ಎಂಥದೋ ನಗು ಇತ್ತು. ವೈರಾಗ್ಯದ ಕಣ್ಣು ಹಾಗಿರುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಏಪ್ರಿಲ್ ತಿಂಗಳ ಮೊದಲ ಗುರುವಾರ ನಾನು ತಡೆಯಲಾಗದೆ ಅವಳು ಹೋದ ಒಂದು ಗಂಟೆಯ ನಂತರ ಬಾಳೂರಿಗೆ ಹೊರಟೆ. ಬಾಳೆಹಣ್ಣು, ತೆಂಗಿನಕಾಯಿ, ಒಂದು ಬಿಳಿ ಶಾಲು. ಶರಣೆಯ ಕಾಲು ಹಿಡಿದು, ಇನ್ನು ಎರಡು ವರ್ಷವಾದರೂ ಅವಳನ್ನು ನನ್ನ ಮನೆಯಲ್ಲಿ ಬಿಡಿ ಎಂದು ಕೇಳುವುದು ಎಂದುಕೊಂಡಿದ್ದೆ. ಹಿಂದಿನ ವಾರ ಹೂಮಳೆ ಬಿದ್ದಿತ್ತು. ದಾರಿಯುದ್ದಕ್ಕೂ ಕಾಫಿ ಗಿಡಗಳು ಬೆಳ್ಳಗೆ ಹೂ ಹೊತ್ತು ನಿಂತಿದ್ದವು. ಜೀಪಿನ ತುಂಬ ಅದರ ಘಮ.

ಮಠದ ಜಗಲಿಯಲ್ಲಿ ಶರಣೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಕೇಳಿದರು, "ಯಾರಪ್ಪ ರುದ್ರಾಣಿ? ಕನ್ನಡಕದ ದಾರ ಕೊರಳಿಗೆ ಹಾಕ್ಕಂಡಿರ್ತಾರಲ್ಲ, ಅವ್ರಾ?"

"ಹೌದು ತಾಯಿ."

"ಅವ್ರು ಇಲ್ಲಿಗೆ ಯಾಕೆ ಬರ್ತಾರೆ? ಮೇಲೆ ತೋಟದೋರ ಶೆಡ್ಡಿಗೆ ಹೋಗ್ತಾರೆ. ಹೋಗ್ತಾ ನಂಗೊಂದು ನಮಸ್ಕಾರ ಹಾಕಿ ಹೋಗ್ತಾರೆ, ಅಷ್ಟೆ. ಅಲ್ಲಿ ಎಲ್ರೂ ಸೇರಿ ಏನೋ ಸುರ್ ಸುರ್ ಅಂತ ಹೀರ್ತಾರಪ್ಪ. ನಂಗೆ ಇಲ್ಲಿವರೆಗೂ ಕೇಳ್ಸುತ್ತೆ." ಹಣ್ಣಿನ ಚೀಲವನ್ನು ನನ್ನ ಕಡೆ ತಳ್ಳಿದರು. "ಬಾಳೆಹಣ್ಣು ಇಟ್ಟು ಹೋಗು. ಶಾಲು ಅವ್ರಿಗೇ ಹೊದಿಸು."

ಶೆಡ್ಡಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಹೂವಿನ ಘಮ ಒಳಗೆ ಬರಬಾರದೆಂದು ಹಾಗೆ ಮುಚ್ಚಿದ್ದರೆಂದು ಆಮೇಲೆ ತಿಳಿಯಿತು. ಗಾಜಿಗೆ ಮುಖ ಒತ್ತಿ ನೋಡಿದೆ.

ಉದ್ದನೆಯ ಮೇಜು. ಅದರ ಮೇಲೆ ಸಾಲಾಗಿ ಕಾಫಿ ತುಂಬಿದ ಬಿಳಿ ಬಟ್ಟಲುಗಳು. ರುದ್ರಾಣಿ ಸೆರಗನ್ನು ಸೊಂಟಕ್ಕೆ ಬಿಗಿದು, ಕೂದಲನ್ನು ಗಂಟು ಹಾಕಿಕೊಂಡು, ಕೈಯಲ್ಲಿ ಚಮಚ ಹಿಡಿದು ನಿಂತಿದ್ದಳು. ಮೊದಲ ಬಟ್ಟಲಿಗೆ ಬಗ್ಗಿದಳು. ಮೂಗು ಕಾಫಿಗೆ ತಾಗುತ್ತದೆಯೋ ಎನ್ನುವಷ್ಟು ಹತ್ತಿರ. ಚಮಚದಿಂದ ಮೇಲೆ ತೇಲುವ ಪುಡಿಯ ಪದರವನ್ನು ಮೆಲ್ಲಗೆ ಸರಿಸಿ ಕಣ್ಣು ಮುಚ್ಚಿದಳು. ಆಮೇಲೆ ಒಂದು ಚಮಚ ಎತ್ತಿ, ಸುರ್ರ್ ಎಂದು ಶೆಡ್ಡೇ ನಡುಗುವ ಹಾಗೆ ಹೀರಿದಳು. ಸದ್ದು ಮಾಡದೆ ಕುಡಿಯಬೇಕೆಂದು ಅವ್ವನ ಹತ್ತಿರ ಬೈಸಿಕೊಂಡು ಮೂವತ್ತು ವರ್ಷ ಕಳೆದವಳು ಇವಳೇ! ಬಾಯಲ್ಲಿ ಒಮ್ಮೆ ಆಡಿಸಿ, ಪಕ್ಕದ ಲೋಟಕ್ಕೆ ಉಗಿದು, ಮುಂದಿನ ಬಟ್ಟಲಿಗೆ ನಡೆದಳು.

ಸುತ್ತ ನಿಂತವರು ನಾಲ್ಕೈದು ಜನ. ಯಾರೂ ಮಾತಾಡುತ್ತಿರಲಿಲ್ಲ. ಪುಸ್ತಕ ಹಿಡಿದ ಹುಡುಗಿ ಅವಳ ಬಾಯಿಂದ ಬರುವ ಮಾತಿಗಾಗಿ ಕಾಯುತ್ತಿದ್ದಳು.

"ನಾಲ್ಕನೇದು," ಎಂದಳು ರುದ್ರಾಣಿ. "ಪಾರ್ಚ್‌ಮೆಂಟ್ ಕಾಫಿಬೀಜ ಒಣಹಾಕಿದ ಕಣದಲ್ಲೇ ಮೆಣಸೂ ಒಣಹಾಕಿದ್ದಾರೆ. ಒಳ್ಳೆ ಕಾಫಿ, ಪಾಪ."

ಹುಡುಗಿ ಬರೆದುಕೊಂಡಳು. ಯಾರೂ ಪ್ರಶ್ನಿಸಲಿಲ್ಲ.

ನಾನು ಮೂವತ್ತೈದು ವರ್ಷದಿಂದ ಕಾಫಿ ವ್ಯಾಪಾರ ಮಾಡುತ್ತಿದ್ದೇನೆ. ಕಾಳು ಕಚ್ಚಿ ಹಸಿಯೋ ಒಣಗಿದೆಯೋ ಹೇಳಬಲ್ಲೆ. ಹೀಗೆ ಬಟ್ಟಲಿಗೆ ಬಗ್ಗಿ ಕಾಫಿಯ ಜಾತಕ ಓದುವವರನ್ನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಆ ಗಾಜಿನ ಹೊರಗೆ ನಿಂತು ನೋಡಿದ ಹಾಗೆ, ನಮ್ಮ ಮದುವೆಗೆ ಮೊದಲು ಹೆಣ್ಣು ನೋಡಲು ಹೋದ ದಿನವೂ ನಾನು ಅವಳನ್ನು ನೋಡಿರಲಿಲ್ಲ. ಅಂದು ಅವಳು ತಲೆ ತಗ್ಗಿಸಿದ್ದಳು. ಇಂದು ತಗ್ಗಿದರೆ ಕಾಫಿಗೆ ಮಾತ್ರ.

ಅವಳು ತಿರುಗಿದಳು. ಗಾಜಿನಲ್ಲಿ ನನ್ನ ಮುಖ ಕಂಡಿತು. ಚಮಚವನ್ನು ಕೆಳಗಿಟ್ಟು ಹೊರಗೆ ಬಂದಳು.

"ನೀವು ಇಲ್ಲಿ?"

"ಮಠಕ್ಕೆ ಬಂದಿದ್ದೆ."

"ಮಠಕ್ಕಾ? ಶಾಲು ಹಿಡ್ಕೊಂಡು?"

ಇದ್ದದ್ದನ್ನು ಹೇಳಿದೆ. ಹೂವು, ಈರುಳ್ಳಿ, ಊದುಬತ್ತಿ, ಶರಣೆ, ಎರಡು ವರ್ಷದ ಬೇಡಿಕೆ. ಅವಳ ಬಾಯಿ ಸ್ವಲ್ಪ ಸ್ವಲ್ಪವೇ ತೆರೆಯಿತು. ಆಮೇಲೆ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಸನ್ಯಾಸಿನಿ! ನಾನು! ಅಯ್ಯೋ ಶಿವನೇ! ಅದಕ್ಕಾ ನೀವು ಎಲೆಅಡಿಕೆ ಬಿಟ್ಟಿದ್ದು?"

"ಮತ್ತೆ? ನೀನೊಬ್ಬಳೇ ಬಿಡ್ತಾ ಹೋದ್ರೆ ನಾನೇನು ಮಾಡ್ಲಿ ಮಾರಾಯ್ತಿ?"

ಅವಳ ನಗು ನಿಂತಿತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ಮೂಗು ಶುದ್ಧವಾಗಿರ್ಬೇಕು ರೀ. ಮಲ್ಲಿಗೆ ಮುಡ್ಕೊಂಡು ಮೇಜಿನ ಹತ್ರ ಬಂದ್ರೆ ನಂಗೂ ತಿಳಿಯಲ್ಲ, ಪಕ್ಕದವ್ರಿಗೂ ತಿಳಿಯಲ್ಲ. ನಾಲಿಗೆನೂ ಹಂಗೆ. ಅದಕ್ಕೆ ಎಲ್ಲಾ ಬಿಟ್ಟೆ. ನಿಮ್ಮನ್ನ ಬಿಡ್ಲಿಲ್ಲ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದೆ."

"ಯಾವಾಗ?"

"ಮೂರು ವರ್ಷದ ಹಿಂದೆ. ವೀರೇಂದ್ರಣ್ಣ, ಇನ್ನಿಬ್ರು ನಿಮ್ಮ ವ್ಯಾಪಾರದ ಸ್ನೇಹಿತ್ರು ನಮ್ಮ ಹಜಾರದಲ್ಲಿ ಕೂತಿದ್ರು. ನೀವು ತಂದ ಕಾಳು ಹುರಿದು ಕಾಫಿ ಕೊಟ್ಟೆ. ಹಳೇ ಗೋಣಿ ವಾಸನೆ ಬರ್ತಿದೆ ಅಂದೆ. ನೀವು ಏನಂದ್ರಿ ನೆನಪಿದ್ಯಾ?"

ನನಗೆ ನೆನಪಿರಲಿಲ್ಲ. ಅದೇ ನನ್ನ ದೊಡ್ಡ ಅಪರಾಧ.

"'ಅಡುಗೆಮನೆ ಮೂಗು ಮಾರಾಯ, ಒಗ್ಗರಣೆ ಬಿಟ್ಟು ಇನ್ನೇನು ಗೊತ್ತಾಗುತ್ತೆ' ಅಂದ್ರಿ. ಎಲ್ರೂ ನಕ್ರು. ಆ ಕಾಫಿ ಆಮೇಲೆ ವಾಪಸ್ ಬಂತು, ಗೋಣಿ ವಾಸನೆ ಅಂತಾನೇ. ಅದನ್ನೂ ನೀವು ನಂಗೆ ಹೇಳ್ಲಿಲ್ಲ. ವೀರೇಂದ್ರಣ್ಣನ ಹೆಂಡತಿ ಹೇಳಿದ್ರು." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಆಗ ಅತ್ತೆ ಮಲಗಿದ್ರು, ಸುಮ್ನಾದೆ. ಒಳಗೆ ಬರ್ಕೊಳ್ತಿದ್ದಾಳಲ್ಲ, ಆ ನಾಗಶ್ರೀ ಅನ್ನೋ ಹುಡುಗಿ ಸ್ಯಾಂಪಲ್ ಕೇಳ್ಕೊಂಡು ನಮ್ಮ ಮನೆಗೆ ಬಂದಾಗ, ನಾನು ಏನೋ ಅಂದಿದ್ದನ್ನ ಕೇಳಿ ಅವಳು ನಗ್ಲಿಲ್ಲ ರೀ. ಪುಸ್ತಕ ತೆಗೆದು ಬರ್ಕೊಂಡ್ಲು."

ಒಳಗೆ ಯಾರೋ ಹೀರಿದ ಸದ್ದು. ಅವಳು ಆ ಕಡೆ ಒಮ್ಮೆ ನೋಡಿ ಮುಂದುವರಿಸಿದಳು.

"ಈ ತಿಂಗಳ ಕೊನೇ ಸೋಮವಾರ ಪರೀಕ್ಷೆ. ಪಾಸಾದ್ರೆ ಇಲ್ಲೇ ಕೆಲಸ. ಸೋಮವಾರ ಬಂದ್ರೆ ಶುಕ್ರವಾರ ಸಂಜೆ ಮನೆಗೆ. ಕೆಲಸಕ್ಕೆ ಹೋಗ್ಲಾ ಅಂತ ಕೇಳ್ತಾ ಇಲ್ಲ, ಹೋಗ್ತೀನಿ. ಆದ್ರೆ ಶುಕ್ರವಾರ ನಾನು ಬರೋ ಮನೇಲಿ ಆ ನಗು ಇರ್ಬಾರ್ದು. ಇದ್ರೆ ಮನೆಗೇ ಬರಲ್ಲ, ಇಲ್ಲೇ ಒಂದು ರೂಮು ಮಾಡ್ಕೋತೀನಿ. ಅಷ್ಟೇ ನಾನು ಹೇಳೋದು."

ಮಠಕ್ಕೆ ಹೋಗುವವಳಾಗಿದ್ದರೆ ಶಿವನ ಜೊತೆ ಜಗಳವಾಡಬಹುದಿತ್ತು. ಇಲ್ಲಿ ಜಗಳ ನನ್ನ ಜೊತೆಯೇ. ಶಾಲನ್ನು ಅವಳ ಕೈಗೆ ಕೊಟ್ಟು ಜೀಪು ಹತ್ತಿದೆ.

ಅವತ್ತು ನಕ್ಕವರ ಎದುರೇ ಆ ನಗುವನ್ನು ಹಿಂದಕ್ಕೆ ಪಡೆಯಬೇಕಿತ್ತು. ಮುಂದಿನ ಭಾನುವಾರ ವೀರೇಂದ್ರನನ್ನೂ ಅಂದಿನ ಇಬ್ಬರನ್ನೂ ಅದೇ ಹಜಾರಕ್ಕೆ ಕರೆದೆ. ಆ ವರ್ಷ ನಾನು ಕಳಸದ ಕಡೆಯ ಒಂದು ತೋಟದ ಕಾಫಿಯನ್ನು ಕಚ್ಚಿ, ಮೂಸಿ, ಮುಂಗಡ ಮಾತು ಕೊಟ್ಟು ಕೊಂಡಿದ್ದೆ. ಈ ಸಲ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಎಂದು ಊರೆಲ್ಲ ಹೇಳಿಕೊಂಡಿದ್ದೆ. ಮಾರನೆಯ ದಿನ ಅದು ಲಾರಿಗೆ ಹತ್ತುವುದಿತ್ತು. ಮೂರು ತೋಟದ ಕಾಳನ್ನು ಹುರಿಸಿ, ಯಾವುದು ಎಲ್ಲಿಯದೆಂದು ಹೇಳದೆ, ಮೂರು ಬಟ್ಟಲಲ್ಲಿ ಅವಳ ಮುಂದೆ ಇಡಿಸಿದೆ.

"ಹೇಳಿ ಮೇಡಂ," ಎಂದೆ.

ಅವಳು ನನ್ನತ್ತ ಅನುಮಾನದಿಂದ ನೋಡಿದಳು. ಕನ್ನಡಕ ಏರಿಸಿ ಚಮಚ ತೆಗೆದುಕೊಂಡಳು. ಮೂರನ್ನೂ ಹೀರಿದಳು. ವೀರೇಂದ್ರ ತುಟಿ ಬಿಗಿಹಿಡಿದ. ಅವಳು ಮತ್ತೆ ಎರಡನೆಯದಕ್ಕೆ ಬಂದಳು. ಅದು ನನ್ನದು.

"ಇದು ಬೇಡ ರೀ. ಸುಲಿದ ಬೀಜ ನೆನೆಹಾಕೋ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಬಿಟ್ಟು ಹುಳಿಯಾಗಿದೆ. ಯಾರದ್ದಾದ್ರೂ ಸರಿ, ಕಳಿಸ್ಬೇಡಿ ಅನ್ನಿ."

ವೀರೇಂದ್ರನಿಗೆ ತಡೆಯಲಾಗಲಿಲ್ಲ. "ಅತ್ತಿಗೆ, ಅದು ನಮ್ಮ ಶಶಿಧರಣ್ಣನದ್ದೇ! ಮೂವತ್ತೈದು ವರ್ಷದ ಹಲ್ಲು ಕಚ್ಚಿ ತಂದಿದ್ದು!" ಎಂದು ತೊಡೆ ತಟ್ಟಿಕೊಂಡು ನಕ್ಕ. ಮಿಕ್ಕಿಬ್ಬರೂ ನಕ್ಕರು.

ರುದ್ರಾಣಿ ಚಮಚ ಹಿಡಿದೇ ನಿಂತಿದ್ದಳು. ನನ್ನನ್ನು ನೋಡಲಿಲ್ಲ.

ನಾನು ಎದ್ದು ಬಟ್ಟಲು ತೆಗೆದುಕೊಂಡು, ಅವಳು ಮಾಡಿದ ಹಾಗೆಯೇ ಸುರ್ರ್ ಎಂದು ಹೀರಿದೆ. ಹೊಗೆಸೊಪ್ಪು ಬಿಟ್ಟ ನಾಲಿಗೆಗೆ ಮೊದಲ ಸಲ ತಿಳಿಯಿತು. ಹೌದು, ಹುಳಿ. ಹಳಸಿದ ಹಣ್ಣಿನ ಹುಳಿ.

"ನಗಬೇಡ ವೀರೇಂದ್ರ," ಎಂದೆ. "ಮೂರು ವರ್ಷದ ಹಿಂದೆ ಇದೇ ಹಜಾರದಲ್ಲಿ ನಾನು ಇವಳ ಮೂಗನ್ನ ಆಡ್ಕೊಂಡೆ. ನೀವು ನಕ್ರಿ. ನಗಿಸಿದ್ದು ನಾನು. ಅವತ್ತೂ ಅವಳು ಹೇಳಿದ್ದೇ ಸರಿ, ಇವತ್ತೂ ಅವಳು ಹೇಳಿದ್ದೇ ಸರಿ. ನಾಳೆ ಈ ಕಾಫಿ ಲಾರಿ ಹತ್ತಲ್ಲ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ, ಶಶಿಧರಪ್ಪನ ಹಲ್ಲಿಗಿಂತ ಅವರ ಮನೆಯವರ ಮೂಗು ದೊಡ್ಡದು ಅಂತ ಹೇಳು."

ವೀರೇಂದ್ರ ಒಳ್ಳೆಯ ಮನುಷ್ಯ. ತೊಡೆಯ ಮೇಲಿನ ಕೈ ತೆಗೆದು, "ಅತ್ತಿಗೆ, ನಾಳೆ ನಂದೂ ಒಂದು ಸ್ಯಾಂಪಲ್ ತರ್ಲಾ?" ಎಂದ.

"ಗುರುವಾರ ಬಾಳೂರಿಗೆ ತನ್ನಿ," ಎಂದಳು. ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತು. ಆ ಹಜಾರದಲ್ಲಿ ಬೇಕಾದಷ್ಟು ಜಾಗವಿತ್ತು.

ಪರೀಕ್ಷೆಯ ಹಿಂದಿನ ಸಂಜೆ ನಾನು ಎರಡು ತಿಂಗಳ ನಂತರ ಮುತ್ತಮ್ಮನ ಬುಟ್ಟಿಯ ಮುಂದೆ ನಿಂತೆ.

"ಬಂದ್ರಾ ಸ್ವಾಮಿ! ಮನೇಲಿ ಏನೋ ಮನಸ್ತಾಪ ಅಂದ್ಕಂಡಿದ್ದೆ. ಎರಡು ಮೊಳ ಅಲ್ವಾ?"

"ಮಲ್ಲಿಗೆ ಬೇಡ. ವಾಸನೆ ಇಲ್ಲದ ಹೂ ಯಾವುದಿದೆ?"

ಮುತ್ತಮ್ಮ ಕತ್ತರಿ ಕೆಳಗಿಟ್ಟಳು. "ಎಲ್ರೂ ಘಮ್ ಅನ್ನೋದು ಕೊಡು ಅಂತಾರೆ. ಪ್ಲಾಸ್ಟಿಕ್ ಅಂಗಡಿ ಆ ಕಡೆ ಇದೆ, ಹೋಗಿ."

"ತಮಾಷೆ ಅಲ್ಲ ಮುತ್ತಮ್ಮ. ನಮ್ಮ ಮನೆಯವ್ರಿಗೆ ಕೆಲಸ. ಹೂ ಮುಡೀಬೇಕು, ಆದ್ರೆ ಮೂಗಿಗೆ ತಿಳೀಬಾರ್ದು."

ಅವಳು ನನ್ನ ಮುಖ ನೋಡಿ ಏನು ಅರ್ಥ ಮಾಡಿಕೊಂಡಳೋ, ಬುಟ್ಟಿಯ ಅಡಿಯಿಂದ ಒದ್ದೆ ಬಟ್ಟೆ ಸರಿಸಿ ಒಂದು ದಂಡೆ ತೆಗೆದಳು. ಕನಕಾಂಬರ. "ತಗಳಿ. ನೋಡಕ್ಕೆ ಬೆಂಕಿ, ಮೂಗಿಗೆ ಸೊನ್ನೆ."

"ನಡುವೆ ಇರೋ ಮರುಗ ತೆಗೆದುಬಿಡು. ಅದರ ಘಮ ಬರುತ್ತೆ. ಬಾಳೆನಾರೂ ಬೇಡ, ದಾರದಲ್ಲಿ ಹೊಸದಾಗಿ ಕಟ್ಟು."

"ಮದುವೆ ಗಂಡೂ ಇಷ್ಟು ತಕರಾರು ಮಾಡಲ್ಲ," ಎಂದು ಗೊಣಗುತ್ತಾ ಕಟ್ಟಿಕೊಟ್ಟಳು. ನಾನು ಅಲ್ಲೇ ನಿಂತು ಒಂದೊಂದು ಹೂವನ್ನೂ ಮೂಸಿ ನೋಡಿದೆ. ಬಸ್ಸಿಗೆ ಕಾಯುತ್ತಿದ್ದವರು ನನ್ನನ್ನು ನೋಡಿ ಏನೆಂದುಕೊಂಡರೋ ಶಿವನಿಗೇ ಗೊತ್ತು.

ಬೆಳಿಗ್ಗೆ ಅವಳು ಚೀಲ ಹಿಡಿದು ಬಾಗಿಲಿಗೆ ಬಂದಾಗ ಪೊಟ್ಟಣವನ್ನು ಚಾಚಿದೆ. ಅವಳ ಮುಖ ಸಣ್ಣದಾಯಿತು.

"ರೀ, ಇವತ್ತು ಹೂ..."

"ಮೂಸಿ ನೋಡು."

ಬಿಚ್ಚಿದಳು. ಮೂಗಿನ ಹತ್ತಿರ ಒಯ್ದಳು. ಕಣ್ಣು ಮುಚ್ಚಿ, ಕಾಫಿಗೆ ಬಗ್ಗುವ ಹಾಗೆಯೇ ಬಗ್ಗಿ, ಉದ್ದಕ್ಕೆ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಬಾಳೆನಾರಿನ ಜಾಗದಲ್ಲಿದ್ದ ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು.

"ಏನೂ ಇಲ್ಲ," ಎಂದಳು.

"ಏನೂ ಇಲ್ಲ."

ಅವಳು ನನಗೆ ಬೆನ್ನು ತಿರುಗಿಸಿ ನಿಂತಳು. ಒಂದು ಕ್ಷಣ ನನಗೆ ಏನೆಂದು ತಿಳಿಯಲಿಲ್ಲ. ಮೂವತ್ತು ವರ್ಷ ಹೂ ತಂದುಕೊಟ್ಟಿದ್ದೇನೆ, ಒಮ್ಮೆಯೂ ಮುಡಿಸಿರಲಿಲ್ಲ. ಅವಳು ಭುಜದ ಮೇಲಿಂದ ಒಂದು ಪಿನ್ನು ಚಾಚಿದಳು. ಬಿಳಿ ಬೆರೆತ ಆ ಕೂದಲಿನ ಗಂಟಿಗೆ ಕೆಂಡದಂಥ ಹೂವನ್ನು ಸಿಕ್ಕಿಸುವಾಗ ಎರಡು ಸಲ ಪಿನ್ನು ಜಾರಿತು.

"ಚುಚ್ಚಿದ್ರಿ."

"ಅಭ್ಯಾಸ ಇಲ್ಲ."

"ಮಾಡ್ಕೊಳ್ಳಿ."

ತಿರುಗಿ ನನ್ನ ಎದೆಯ ಹತ್ತಿರ ಬಂದು ಮತ್ತೆ ಉಸಿರೆಳೆದಳು.

"ಎಣ್ಣೆ ಇಲ್ಲ. ಹೊಗೆಸೊಪ್ಪಿಲ್ಲ. ವಿಭೂತಿದು ಮಾತ್ರ ಬರ್ತಿದೆ."

"ಅದನ್ನ ಬಿಡಕ್ಕಾಗಲ್ಲ ಮಾರಾಯ್ತಿ."

"ಬಿಡ್ಬೇಡಿ. ಅದು ನಮ್ಮ ಮನೆ ವಾಸನೆ."

ಜೊತೆಯಲ್ಲಿ ಬಾಳೂರಿಗೆ ಹೋದೆವು. ಅವಳು ಮೇಲೆ ಶೆಡ್ಡಿಗೆ ಹೋದಳು, ನಾನು ಮಠದ ಜಗಲಿಯಲ್ಲಿ ಶರಣೆಯ ಜೊತೆ ಹುಣಸೆಹಣ್ಣು ಬಿಡಿಸುತ್ತಾ ಕೂತೆ. ಅವ್ವ ಹೋದ ಮೇಲೆ ಕಣ್ಣೀರಿಲ್ಲದೆ ಅವಳನ್ನು ನೆನೆದದ್ದು ಅಂದೇ ಮೊದಲು. ಸೊಸೆ ಸುರ್ರೆಂದು ಹೀರುವುದನ್ನು ಕೇಳಿದ್ದರೆ ಏನು ಬೈಯುತ್ತಿದ್ದಳೋ! ಆಮೇಲೆ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಹೆಮ್ಮೆಪಡುತ್ತಿದ್ದಳು.

ಸಂಜೆ ಗುಡ್ಡದ ದಾರಿಯಲ್ಲಿ ಮೊದಲು ಕಂಡದ್ದು ಕನಕಾಂಬರದ ಬಣ್ಣ. ಅವಳು ಇಳಿದು ಬಂದಳು. ಬೇಕೆಂದೇ ನಿಧಾನವಾಗಿ.

"ಏನಾಯ್ತು?"

"ಮೂರು ಬಟ್ಟಲು ಇಡ್ತಾರೆ. ಎರಡು ಒಂದೇ, ಒಂದು ಬೇರೆ. ಬೇರೆದು ಯಾವುದು ಅಂತ ಹೇಳ್ಬೇಕು. ಹನ್ನೆರಡು ಸಲ ಇಟ್ರು."

"ಎಷ್ಟು ಸರಿ?"

"ಹನ್ನೆರಡೂ."

ಶರಣೆ ಜಗಲಿಯಿಂದಲೇ ಕೈಯೆತ್ತಿದರು. ಜೀಪಿನ ಕಡೆ ನಡೆಯುತ್ತಾ ಹೇಳಿದೆ.

"ಇನ್ನು ಸೋಮವಾರ ನೀನು ಇಲ್ಲಿರ್ತೀಯ. ಕನಕಾಂಬರ ಬೆಳಿಗ್ಗೆ ಬಸ್ಸಿಗೆ ಮೊದ್ಲೇ ತರ್ತೀನಿ."

"ತನ್ನಿ. ನೀವೇ ಮುಡಿಸ್ಬೇಕು." ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು. ಎದುರಿನ ಗುಡ್ಡವನ್ನೇ ನೋಡುತ್ತಾ, ಯಾರದೋ ಸ್ಯಾಂಪಲ್ ಬಗ್ಗೆ ಹೇಳುವಷ್ಟು ಗಂಭೀರವಾಗಿ ಹೇಳಿದಳು:

"ಶುಕ್ರವಾರ ಸಂಜೆ ಮಲ್ಲಿಗೆ ತನ್ನಿ. ಶನಿವಾರ, ಭಾನುವಾರ ನಾನು ಬಟ್ಟಲು ಮುಟ್ಟಲ್ಲ."

ಐವತ್ತೆಂಟು ವರ್ಷದ ಗಂಡಸಿನ ಮುಖ ಕೆಂಪಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಜೀಪಿನವನು ಹಾರ್ನ್ ಹೊಡೆದ. ಅವಳು ಹಿಂದೆ ನೋಡದೆ ಕೈ ಚಾಚಿದಳು. ನಾನು ಹಿಡಿದುಕೊಂಡೆ.